ಏಳನೇ ಪ್ರಯೋಗದ ಗ್ರಾಫ್

ನಾಲ್ಕು ಕಂಪ್ಯೂಟರುಗಳು ಕಾಲೇಜಿಗೆ ಬಂದದ್ದು ಜುಲೈನಲ್ಲಿ. ಅವುಗಳ ಮುಂದೆ ಮೊದಲ ವಿದ್ಯಾರ್ಥಿ ಕುಳಿತದ್ದು ಸೆಪ್ಟೆಂಬರಿನಲ್ಲಿ. ನಡುವಿನ ಎರಡು ತಿಂಗಳು ಕಿಟಕಿಗೆ ಪರದೆ ಹೊಲಿಸುವುದರಲ್ಲಿ ಹೋಯಿತು. ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದ ಮೇಲೆ, ಧೂಳು ಬರಬಾರದೆಂದು ಕಡುನೀಲಿ ಪರದೆ ಹಾಕಬೇಕೆಂದು ಆಫೀಸು ತೀರ್ಮಾನಿಸಿತು. ಮೊದಲ ಸಲ ಹೊಲಿದು ತಂದದ್ದು ಒಂದು ಗೇಣು ಗಿಡ್ಡವಾಯಿತು. ವಾಪಸ್ ಕಳಿಸಿ ಮತ್ತೆ ಹೊಲಿಸಿದರು. ಆ ವರ್ಷದ ನನ್ನ ಡೈರಿಯಲ್ಲಿ ಆಗಸ್ಟ್ ತಿಂಗಳ ಎಷ್ಟೋ ಪುಟಗಳಲ್ಲಿ ಒಂದೇ ಸಾಲು ಇದೆ: ಪರದೆ ಬಂದಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗ. ನಾನು ಶಿಕಾರಿಪುರದ ಒಂದು ಪದವಿ ಕಾಲೇಜಿನಲ್ಲಿ ಬಿಎಸ್ಸಿಯವರಿಗೆ ಗಣಿತ ಪಾಠ ಮಾಡುತ್ತಿದ್ದೆ. ಅದಕ್ಕೂ ಮೊದಲು ನಾಲ್ಕು ವರ್ಷ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಲ್ಲಿಂದ ಬರುವಾಗ ಎರಡು ಅಭ್ಯಾಸ ಜೊತೆಗೆ ಬಂದವು. ಒಂದು, ದಿನ ಮುಗಿಯುವ ಮೊದಲು ಆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿಡುವುದು. ಇನ್ನೊಂದು, ಕಣ್ಣಾರೆ ನೋಡದ್ದರ ಕೆಳಗೆ ಹೆಸರು ಹಾಕದಿರುವುದು. ಎರಡನೆಯದನ್ನು ಆ ವರ್ಷ ಉಳಿಸಿಕೊಳ್ಳಲಾಗಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಿಗೆಂದು ಮೂರು ವಾರದ ತರಬೇತಿ ಇತ್ತು. ಅಲ್ಲಿಂದ ಎರಡು ಫ್ಲಾಪಿ ತಂದಿದ್ದೆ. ಅದರಲ್ಲಿದ್ದ ಪ್ರೋಗ್ರಾಂ ನೋಡಲು ಬಡವಾಗಿತ್ತು. ಕಪ್ಪು ಸ್ಕ್ರೀನಿನ ಮೇಲೆ ಬಿಳಿ ಗೆರೆ, ಅಷ್ಟೇ. ಆದರೆ ಹದಿಮೂರು ವರ್ಷದಿಂದ ಬೋರ್ಡಿನ ಮೇಲೆ ಹೇಳಲಾಗದ್ದನ್ನು ಅದು ಒಂದು ನಿಮಿಷದಲ್ಲಿ ಹೇಳುತ್ತಿತ್ತು. ನೀವೊಂದು ಸಮೀಕರಣ ಕೊಟ್ಟರೆ ವಕ್ರರೇಖೆ ಬರೆಯುತ್ತಿತ್ತು. ಅದರ ಮೇಲೆ ಎರಡು ಚುಕ್ಕಿ, ಎರಡನ್ನೂ ಸೇರಿಸುವ ಒಂದು ಸರಳರೇಖೆ. ಕೀಲಿಮಣೆಯ ಬಾಣದ ಗುಂಡಿ ಒತ್ತಿದಂತೆ ಎರಡನೇ ಚುಕ್ಕಿ ಮೊದಲನೆಯದರ ಕಡೆಗೆ ಸರಿಯುತ್ತಿತ್ತು, ಗೆರೆ ಮೆಲ್ಲಗೆ ತಿರುಗುತ್ತಿತ್ತು. ಚುಕ್ಕಿಗಳು ತೀರಾ ಹತ್ತಿರ ಬಂದಾಗ ಆ ಗೆರೆ ವಕ್ರರೇಖೆಯನ್ನು ಕೊಯ್ಯುವುದು ಬಿಟ್ಟು ಸವರಿಕೊಂಡು ನಿಲ್ಲುತ್ತಿತ್ತು. ಆಗ ಪ್ರೋಗ್ರಾಂ ಕೇಳುತ್ತಿತ್ತು, ಈಗ ಇಳಿಜಾರು ಎಷ್ಟು ಎಂದು. ಊಹಿಸಿ ಸಂಖ್ಯೆ ಒತ್ತಬೇಕು. ತಪ್ಪಾದರೆ ಇನ್ನೊಮ್ಮೆ. ಕ್ಯಾಲ್ಕುಲಸ್‌ನ ಅರ್ಧ ಭಾಗ ಇದೇ.

ನನ್ನ ಯೋಜನೆ ಸರಳ. ವಾರಕ್ಕೆ ಮೂರು ಗಂಟೆ ಬೋರ್ಡು, ಎರಡು ಗಂಟೆ ಕಂಪ್ಯೂಟರ್. ಬೋರ್ಡಿನಲ್ಲಿ ಸೂತ್ರ, ಕಂಪ್ಯೂಟರಿನಲ್ಲಿ ಊಹೆ. ಒಂದರ ಪ್ರಶ್ನೆಗೆ ಇನ್ನೊಂದರಲ್ಲಿ ಉತ್ತರ. ಇದನ್ನು ಬರೆದು ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಕನ್ನಡಕ ತೆಗೆದು ಓದಿ, ಟೈಂಟೇಬಲ್ಲಿನಲ್ಲಿ ಇದನ್ನು ಏನೆಂದು ಹಾಕುವುದು ಎಂದು ಕೇಳಿದರು. ಥಿಯರಿಗೆ ಅಷ್ಟು ಗಂಟೆ ಇಲ್ಲ. ಒಟ್ಟಿಗೆ ಎರಡು ಗಂಟೆ ಸಿಗುವುದು ಪ್ರಾಕ್ಟಿಕಲ್‌ಗೆ ಮಾತ್ರ, ಗಣಿತಕ್ಕೆ ಪ್ರಾಕ್ಟಿಕಲ್ ಇಲ್ಲ.

ಹಾಗಾದರೆ ಪ್ರಾಕ್ಟಿಕಲ್ ಎಂದೇ ಕರೆಯೋಣ ಎಂದೆ.

"ಪ್ರಾಕ್ಟಿಕಲ್ ಅಂದ್ರೆ ರೆಕಾರ್ಡ್ ಇರಬೇಕಲ್ರೀ" ಎಂದರು. "ರೆಕಾರ್ಡ್ ಇಲ್ಲದ ಪ್ರಾಕ್ಟಿಕಲ್ ಎಲ್ಲಾದ್ರೂ ನೋಡಿದೀರಾ?"

ನೋಡಿರಲಿಲ್ಲ. ನಾನೂ ಅದೇ ರೀತಿಯ ಕಾಲೇಜಿನಲ್ಲಿ ಓದಿದವನು. ರೆಕಾರ್ಡ್ ಎಂದರೆ ಗಟ್ಟಿ ರಟ್ಟಿನ ಪುಸ್ತಕ. ಬಲಗಡೆ ಗೆರೆ ಹಾಕಿದ ಪುಟದಲ್ಲಿ ಉದ್ದೇಶ, ವಿಧಾನ, ಫಲಿತಾಂಶ. ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲಿನ ಚಿತ್ರ. ಮುಂದೆ ಒಂದು ಪರಿವಿಡಿ, ಪ್ರತಿ ಪ್ರಯೋಗಕ್ಕೂ ತಾರೀಖು, ಅಧ್ಯಾಪಕರ ಸಹಿ. ಕೊನೆಗೆ ಪ್ರಮಾಣಪತ್ರ. ಪರೀಕ್ಷೆಯ ಹಾಲ್ ಟಿಕೆಟ್ ಕೈಗೆ ಬರುವ ಮೊದಲು ಆಫೀಸು ಈ ಪುಸ್ತಕ ನೋಡುತ್ತದೆ. ಒಪ್ಪಿಕೊಂಡೆ. ಹನ್ನೆರಡು ಪ್ರಯೋಗಗಳ ಪಟ್ಟಿಯನ್ನು ಅಲ್ಲೇ ಕೂತು ಬರೆದುಕೊಟ್ಟೆ. ಕೋಣೆಯ ಬಾಗಿಲು ತೆಗೆಯಲಿ, ಉಳಿದದ್ದು ಆಮೇಲೆ ನೋಡಿಕೊಳ್ಳೋಣ ಎಂಬುದೇ ಆಗ ತಲೆಯಲ್ಲಿದ್ದದ್ದು.

ಮೊದಲ ವರ್ಷದಲ್ಲಿ ಮೂವತ್ತಾರು ವಿದ್ಯಾರ್ಥಿಗಳಿದ್ದರು. ಮೂವತ್ತೇಳನೆಯವಳು ತಾನಾಗಿ ಕೇಳಿಕೊಂಡು ಬಂದಳು. ಸೊರಬ ತಾಲ್ಲೂಕಿನ ಹೊಸಬಾಳೆಯವಳು. ಮನೆಯಲ್ಲಿ ಸ್ವಲ್ಪ ಗದ್ದೆ, ಹೆಚ್ಚಾಗಿ ಕುರಿ. ಆಗಲೇ ಎರಡನೇ ವರ್ಷದಲ್ಲಿದ್ದಳು, ಆದರೆ ಮೊದಲ ವರ್ಷದ ಕ್ಯಾಲ್ಕುಲಸ್ ಪೇಪರ್ ಎರಡು ಸಲ ಹೋಗಿತ್ತು. ಈ ಸಲವೂ ಹೋದರೆ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. ವರ್ಷ ನಿಂತರೆ ಬಸ್ ಪಾಸಿಗೆ ಅರ್ಜಿ ಹಾಕುವುದಿಲ್ಲ ಎಂದು ಅಣ್ಣ ಹೇಳಿಬಿಟ್ಟಿದ್ದ. ಅವಳಿಗೆ ಬಿ.ಎಡ್. ಮಾಡಿ ಆನವಟ್ಟಿ ಕಡೆ ಯಾವುದಾದರೂ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಬೇಕೆಂದಿತ್ತು. ಉಳಿದೆಲ್ಲ ಪೇಪರುಗಳಲ್ಲಿ ಒಳ್ಳೆಯ ಅಂಕವಿತ್ತು. ಈ ಒಂದು ಪೇಪರ್ ದಾಟಿದರೆ ಎಲ್ಲ ಸರಿಯಾಗುತ್ತಿತ್ತು.

ಕಂಪ್ಯೂಟರ್ ಕ್ಲಾಸಿಗೆ ನಾನೂ ಬರಬಹುದಾ ಎಂದು ಕೇಳಿದಾಗ, ಬಾ ಅಂದೆ. ಆಫೀಸಿನಲ್ಲಿ ಅವಳ ಹೆಸರು ಹಾಜರಿ ಪುಸ್ತಕಕ್ಕೆ ಏರಿತು. ಬರದೇ ಇದ್ದಿದ್ದರೆ ಹಳೆಯ ವಿದ್ಯಾರ್ಥಿನಿಯಾಗಿ ನೇರ ಪರೀಕ್ಷೆಗೆ ಕೂರಬಹುದಿತ್ತು. ಹೆಸರು ಏರಿದ ಮೇಲೆ ರೆಕಾರ್ಡಿನ ನಿಯಮ ಅವಳಿಗೂ ಅನ್ವಯಿಸಿತು. ಅದು ಆಗ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ ದಿನ ಎಲ್ಲರಿಗೂ ಒಂದು ಮಾತು ಹೇಳಿದೆ. ಸ್ಕ್ರೀನಿನ ಮೇಲೆ ನೀವೇ ನೋಡದ್ದನ್ನು ರೆಕಾರ್ಡಿನಲ್ಲಿ ಬರೆಯಬಾರದು. ಎಲ್ಲರೂ ತಲೆಯಾಡಿಸಿದರು. ಚಪ್ಪಲಿ ಹೊರಗೆ ಬಿಟ್ಟು ತಂಡ ತಂಡವಾಗಿ ಸರದಿಯ ಮೇಲೆ ಒಳಗೆ ಬಂದು, ಮೂವರಿಗೆ ಒಂದು ಕಂಪ್ಯೂಟರಿನಂತೆ ಕೂತರು. ಕೂತವರು ಮಾಡಿದ ಮೊದಲ ಕೆಲಸ ಪೆನ್ಸಿಲ್ ಚೂಪು ಮಾಡಿಕೊಂಡದ್ದು. ಬಾಣದ ಗುಂಡಿಯನ್ನು ಹೆಚ್ಚಿನವರು ಮುಟ್ಟಲೇ ಇಲ್ಲ. ಗೆರೆ ಎಲ್ಲಿ ನಿಂತಿತ್ತೋ ಅಲ್ಲೇ ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳತೊಡಗಿದರು. ಒಬ್ಬ ಗುಂಡಿ ಒತ್ತಿದ್ದಕ್ಕೆ ಪಕ್ಕದವನು, ಏ ಸರಿಸಬೇಡ ಮಾರಾಯ, ನಂದಿನ್ನೂ ಅರ್ಧ ಆಗಿದೆ ಅಂದ. ಚಲಿಸುವುದೇ ಆ ಪ್ರೋಗ್ರಾಮಿನ ಗುಣ. ಅದನ್ನು ಅಲುಗಾಡದಂತೆ ಹಿಡಿದಿಟ್ಟುಕೊಂಡು ಮೂವತ್ತಾರು ಜನ ಚಿತ್ರ ಬರೆದರು. ಊಹೆ ಕೇಳುವ ಜಾಗ ಬಂದಾಗ, ಇದಕ್ಕೆ ಉತ್ತರ ಏನು ಸರ್, ನೀವೇ ಹೇಳಿಬಿಡಿ, ಬರ್ಕೋತೀವಿ ಅಂದರು.

ಹೊಸಬಾಳೆಯವಳು ರೆಕಾರ್ಡ್ ತೆಗೆಯಲೇ ಇಲ್ಲ. ಗುಂಡಿ ಒತ್ತುತ್ತಾ ಕೂತಳು. ಮೂರು ವಾರಗಳಲ್ಲಿ ಅವಳು ಮುಗಿಸಿದ್ದು ಮೂರೇ ಪ್ರಯೋಗ, ಆದರೆ ಮೂರನೆಯದಕ್ಕೆ ಬರುವಾಗ ಇಳಿಜಾರನ್ನು ಮೊದಲ ಊಹೆಗೇ ಸರಿಯಾಗಿ ಹೇಳುತ್ತಿದ್ದಳು. ಕೆರೆಯ ಏರಿ ಹತ್ತುವಾಗ ಕುರಿ ಎಲ್ಲಿ ನಿಧಾನ ಆಗ್ತದೆ ಅಂತ ಗೊತ್ತಿರ್ತದಲ್ಲ ಸರ್, ಹಾಗೇ ಇದು ಅಂದಳು. ಆ ದಿನ ಡೈರಿಯಲ್ಲಿ ಅವಳ ಮಾತನ್ನು ಬರೆದುಕೊಂಡಿದ್ದೇನೆ. ಯಾಕೆಂದರೆ ಆ ವರ್ಷ ಕ್ಲಾಸಿನಲ್ಲಿ ಬರೆದುಕೊಳ್ಳುವಂಥ ಮಾತು ಬಂದದ್ದು ಅದೊಂದೇ.

ನಾಲ್ಕನೇ ವಾರ ಅನಾಹುತವಾಯಿತು. ನನ್ನನ್ನು ಹತ್ತು ನಿಮಿಷ ಪ್ರಿನ್ಸಿಪಾಲರ ಕೋಣೆಗೆ ಕರೆದಿದ್ದರು. ವಾಪಸ್ ಬಂದಾಗ ವಿದ್ಯಾರ್ಥಿಗಳೆಲ್ಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಒಳಗೆ ಆಫೀಸ್ ಸೂಪರಿಂಟೆಂಡೆಂಟರು ಮೇನ್ ಸ್ವಿಚ್ ಆರಿಸಿ, ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದರು. ಕೋಣೆಯ ಬೀಗದ ಕೈ ಇರುತ್ತಿದ್ದದ್ದು ಅವರ ಹತ್ತಿರ. ಸಾಮಾನಿನ ರಿಜಿಸ್ಟರಿನಲ್ಲಿ ಆ ನಾಲ್ಕು ಕಂಪ್ಯೂಟರುಗಳನ್ನು ವಹಿಸಿಕೊಂಡವರೂ ಅವರೇ. ನಿವೃತ್ತಿಗೆ ಎರಡು ವರ್ಷ ಇತ್ತು.

"ಆ ಹುಡುಗಿ ಮಷಿನ್ ಕೆಡಿಸ್ಯಾಳ್ರೀ ಸಾರ್" ಎಂದರು.

ಅವಳು ಮೂಲೆಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಆದದ್ದಿಷ್ಟು. ಎರಡನೇ ಚುಕ್ಕಿಯನ್ನು ಸರಿಸಿ ಸರಿಸಿ, ಅದು ಮೊದಲನೆಯದರ ಮೇಲೇ ಕೂತರೆ ಏನಾಗುತ್ತದೆ ಎಂದು ನೋಡಿದ್ದಾಳೆ. ಎರಡು ಚುಕ್ಕಿ ಒಂದೇ ಆದರೆ ನಡುವಿನ ದೂರ ಸೊನ್ನೆ. ಇಳಿಜಾರು ಲೆಕ್ಕ ಹಾಕಲು ಪ್ರೋಗ್ರಾಂ ಸೊನ್ನೆಯಿಂದ ಭಾಗಿಸಬೇಕು. ಆಗುವುದಿಲ್ಲ. ಹಾಗಾಗಿ ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ತಪ್ಪಿನ ಸಂದೇಶ ಬಂದು ನಿಂತಿದೆ. ಪಕ್ಕದಲ್ಲಿದ್ದವನು ಓಡಿಹೋಗಿ ಆಫೀಸಿಗೆ ಹೇಳಿದ್ದಾನೆ.

ಎರಡೂ ಚುಕ್ಕಿ ಒಂದರ ಮೇಲೊಂದು ಕೂತರೆ ಗೆರೆ ಎಲ್ಲಿಗೆ ಹೋಗುತ್ತದೆ? ಕ್ಯಾಲ್ಕುಲಸ್ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಅಷ್ಟು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ. ಇವಳು ಕೇಳಿದಳು, ಕೋಣೆಗೆ ಬೀಗ ಬಿತ್ತು.

ಏನೂ ಕೆಟ್ಟಿಲ್ಲ, ಆರಿಸಿ ಹಾಕಿದರೆ ಸರಿಹೋಗುತ್ತದೆ ಎಂದು ಸೂಪರಿಂಟೆಂಡೆಂಟರಿಗೆ ಹೇಳಿದೆ. ಅವರು ದನಿ ಏರಿಸದೆ, "ನೀವು ಗಣಿತದವ್ರು ಸಾರ್. ಮಷಿನ್ ಕೆಟ್ಟಿಲ್ಲ ಅಂತ ಮಷಿನ್‌ನವ್ರು ಹೇಳ್ಬೇಕ್ರೀ" ಎಂದು ಬೀಗ ಹಾಕಿದರು. ಮಷಿನ್‌ನವರು ಇದ್ದದ್ದು ಶಿವಮೊಗ್ಗದಲ್ಲಿ. ಪತ್ರ ಹೋಯಿತು, ಜ್ಞಾಪನ ಪತ್ರ ಹೋಯಿತು, ದಸರಾ ರಜೆ ಬಂತು, ದೀಪಾವಳಿ ಬಂತು. ಜನವರಿಯ ಒಂದು ಮಂಗಳವಾರ ಒಬ್ಬ ಮೆಕ್ಯಾನಿಕ್ ಬಸ್ಸಿನಲ್ಲಿ ಬಂದು, ಸ್ವಿಚ್ ಹಾಕಿ, ಕಂಪ್ಯೂಟರ್ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಟ್ಟು, ಚಹಾ ಕುಡಿದು ಹೋದ. ಎಲ್ಲ ಸೇರಿ ಕಾಲು ಗಂಟೆ.

ಅಷ್ಟರಲ್ಲಿ ರೆಕಾರ್ಡುಗಳು ಮುಗಿದಿದ್ದವು.

ಇದನ್ನು ಇನ್ನೊಮ್ಮೆ ಹೇಳಬೇಕು. ಕೋಣೆಗೆ ಬೀಗ ಇದ್ದ ತಿಂಗಳುಗಳಲ್ಲಿ ಟೈಂಟೇಬಲ್ಲಿನ ಪ್ರಕಾರ ಪ್ರಾಕ್ಟಿಕಲ್ ನಡೆಯುತ್ತಲೇ ಇತ್ತು. ನಾನು ಕೊಟ್ಟಿದ್ದ ಪಟ್ಟಿಯಲ್ಲಿ ಪ್ರಯೋಗದ ಹೆಸರು, ಸಮೀಕರಣ ಎಲ್ಲ ಇದ್ದವು. ಅಕ್ಷರ ಚೆನ್ನಾಗಿದ್ದ ಒಬ್ಬ ಅದನ್ನು ಇಟ್ಟುಕೊಂಡು, ಪಠ್ಯಪುಸ್ತಕ ನೋಡಿ, ಉಳಿದ ಒಂಬತ್ತನ್ನೂ ಮನೆಯಲ್ಲೇ ಬರೆದ. ಅವನ ಪುಸ್ತಕ ಕೈಯಿಂದ ಕೈಗೆ ಹೋಯಿತು. ಫಿಸಿಕ್ಸಿನಲ್ಲಿ ಹಿರಿಯರ ರೆಕಾರ್ಡ್ ನೋಡಿ ಬರೆಯುವುದು ರೂಢಿ. ಇಲ್ಲಿ ಹಿರಿಯರಿರಲಿಲ್ಲ, ಅವನೇ ಹಿರಿಯನಾದ. ಫೆಬ್ರವರಿಯ ಒಂದು ಶನಿವಾರ ಮೂವತ್ತಾರು ಪುಸ್ತಕಗಳು ನನ್ನ ಮೇಜಿನ ಮೇಲೆ ಎರಡು ಗುಡ್ಡವಾಗಿ ಕೂತವು. ಪ್ರಿನ್ಸಿಪಾಲರು ಎರಡು ಸಲ ಹೇಳಿ ಕಳಿಸಿದ್ದರು. ಸಿಲಬಸ್ ಅರ್ಧ ಬಾಕಿ ಇತ್ತು. ಚಿತ್ರ ನೋಡದೆ ಸಹಿ ಹಾಕಿದೆ. ಬೀಗ ಬಿದ್ದಿದ್ದ ವಾರಗಳ ತಾರೀಖುಗಳ ಎದುರಿಗೂ ಹಾಕಿದೆ. ಕೈ ನೋಯುವಷ್ಟು ಸಹಿ. ಯಾರ ಮೇಲೂ ಹೊರಿಸಲು ಬರುವಂಥದ್ದಲ್ಲ ಇದು.

ಗುಡ್ಡದಲ್ಲಿ ಮೂವತ್ತೇಳನೇ ಪುಸ್ತಕ ಇರಲಿಲ್ಲ.

ಮಾರ್ಚಿನಲ್ಲಿ ಹಾಲ್ ಟಿಕೆಟ್ ಕೊಡುವ ಕೊನೆಯ ದಿನಕ್ಕೆ ಎರಡು ದಿನ ಮೊದಲು ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ರೆಕಾರ್ಡ್ ಇಲ್ಲದೆ ಹಾಲ್ ಟಿಕೆಟ್ ಇಲ್ಲ ಎಂದು ಆಫೀಸಿನಲ್ಲಿ ಹೇಳಿದ್ದರು. ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ನೋಡದ್ದನ್ನು ಬರೆಯಬಾರದು ಅಂತ ನೀವೇ ಹೇಳಿದ್ರಲ್ಲ ಸರ್ ಅಂದಳು. ಮೆಕ್ಯಾನಿಕ್ ಬಂದ ಮೇಲೆ ಮತ್ತೆ ಕ್ಲಾಸು ಇಡುತ್ತೀರಿ ಅಂದುಕೊಂಡಿದ್ದಳು. ಇಟ್ಟಿರಲಿಲ್ಲ. ರೆಕಾರ್ಡು ಮುಗಿದಿದೆ ಎಂದ ಮೇಲೆ ಆ ಎರಡು ಗಂಟೆಗಳನ್ನು ಪ್ರಿನ್ಸಿಪಾಲರು ಬೇರೆ ವಿಷಯಕ್ಕೆ ಕೊಟ್ಟಿದ್ದರು. ಕಂಪ್ಯೂಟರ್ ಕೋಣೆಗೆ ಆಗಲೇ ಪರೀಕ್ಷೆಯ ಖಾಲಿ ಉತ್ತರ ಪತ್ರಿಕೆಗಳ ಕಟ್ಟು ಬಂದು, ಬಾಗಿಲಿಗೆ ಅರಗಿನ ಮುದ್ರೆ ಬಿದ್ದಿತ್ತು.

ಯಾರದ್ದಾದರೂ ತಗೊಂಡು ನೋಡಿ ಬರೆದುಬಿಡು ಎಂದೆ. ಆ ಮಾತು ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವಳು ಕ್ಲಾಸಿನ ಒಬ್ಬಳಿಂದ ಪುಸ್ತಕ ತಂದು ಲೈಬ್ರರಿಯಲ್ಲಿ ಕೂತಳು. ಮರುದಿನ ಮಧ್ಯಾಹ್ನ ಎರಡೂ ಪುಸ್ತಕ ಹಿಡಿದುಕೊಂಡು ಬಂದಳು. ಏಳನೇ ಪ್ರಯೋಗದ ಎಡಪುಟ ತೆರೆದು ಮೇಜಿನ ಮೇಲಿಟ್ಟಳು.

ಆ ಪ್ರಯೋಗದಲ್ಲಿ ಎರಡು ಗ್ರಾಫ್. ಮೇಲಿನದು ಗುಡ್ಡದಂತೆ ಏರಿ ಇಳಿಯುವ ರೇಖೆ. ಕೆಳಗಿನದು ಅದೇ ರೇಖೆಯ ಇಳಿಜಾರು ಎಲ್ಲೆಲ್ಲಿ ಎಷ್ಟು ಎಂದು ತೋರಿಸುವುದು. ಏರುವ ಕಡೆ ಅದು ಅಡ್ಡಗೆರೆಯ ಮೇಲಿರಬೇಕು, ನೆತ್ತಿಯಲ್ಲಿ ಸೊನ್ನೆಗೆ ಬಂದು, ಇಳಿಯುವ ಕಡೆ ಗೆರೆಯ ಕೆಳಗೆ ಹೋಗಬೇಕು. ಪುಸ್ತಕದಲ್ಲಿ ಅದು ತಲೆಕೆಳಗಾಗಿತ್ತು. ನೀಟಾದ ಚಿತ್ರ, ಸ್ಕೇಲ್ ಇಟ್ಟು ಬರೆದ ಅಕ್ಷರೇಖೆ, ಕೆಳಗೆ ನನ್ನ ಸಹಿ.

"ಹತ್ತುವಾಗ ಇಳಿಜಾರು ಕೆಳಗೆ ಹೇಗೆ ಹೋಗ್ತದೆ ಸರ್?" ಅಂದಳು. "ಹೀಗೇ ಬರೀಲಾ, ಸರಿ ಮಾಡ್ಲಾ?"

ಮನೆಯಲ್ಲಿ ಕೂತು ಬರೆದವನು ತಪ್ಪಿದ್ದ. ಉಳಿದವರೆಲ್ಲ ಅವನನ್ನು ನೋಡಿ ಬರೆದಿದ್ದರು. ಅಂದರೆ ಮೂವತ್ತಾರು ಪುಸ್ತಕಗಳಲ್ಲೂ ಗುಡ್ಡ ಹತ್ತುವವರು ಕೆಳಗಿಳಿಯುತ್ತಿದ್ದರು, ಮೂವತ್ತಾರಕ್ಕೂ ನಾನು ಸೈ ಎಂದಿದ್ದೆ. ಸರಿ ಮಾಡಿ ಬರಿ ಎಂದೆ. ಅವಳು ಅಲ್ಲೇ ನಿಂತು, ಹಾಗಾದ್ರೆ ಉಳಿದವ್ರದ್ದು ಎಂದು ಕೇಳಿದಳು. ನೋಡೋಣ ಎಂದೆ.

ಕೊನೆಯ ದಿನ ಅವಳ ಹನ್ನೆರಡು ಪ್ರಯೋಗಕ್ಕೂ ಸಹಿ ಹಾಕಿದೆ. ಮೂರಕ್ಕೆ ನಿಜವಾದ ತಾರೀಖು, ಒಂಬತ್ತಕ್ಕೆ ಬೇರೆಯವರ ಪುಸ್ತಕ ನೋಡಿ ಹಾಕಿದ ತಾರೀಖು. ಅವಳು ಆಫೀಸಿಗೆ ಹೋದಳು. ಅರ್ಧ ಗಂಟೆಯಲ್ಲಿ ನನಗೆ ಕರೆ ಬಂತು. ಸೂಪರಿಂಟೆಂಡೆಂಟರು ಅವಳ ಪುಸ್ತಕ ಎಡಗೈಯಲ್ಲಿ, ಇನ್ನೊಬ್ಬಳದು ಬಲಗೈಯಲ್ಲಿ ಹಿಡಿದಿದ್ದರು. ತಡವಾಗಿ ಬಂದ ರೆಕಾರ್ಡ್ ಎಂದು ಪುಟ ಪುಟ ತಾಳೆ ನೋಡಿದ್ದಾರೆ. ಗಣಿತ ಅವರಿಗೆ ಬಾರದು, ಆದರೆ ಎರಡು ಕಾಗದ ಒಂದೇ ಇವೆಯೇ ಇಲ್ಲವೇ ಎಂದು ನೋಡುವುದರಲ್ಲಿ ಮೂವತ್ತು ವರ್ಷ ಕಳೆದವರು.

"ಎಲ್ಲರದೂ ಒಂದು ನಮೂನಿ ಐತಿ, ಈಕಿದು ಒಂದು ನಮೂನಿ ಐತಿ. ಇದನ್ನ ಹೆಂಗ ಕೊಡ್ಲಿ ಸಾರ್?"

ಇವಳದ್ದೇ ಸರಿ ಎಂದೆ. ಅವರು ಪುಸ್ತಕ ಮುಚ್ಚಿ, ಹಾಗಾದರೆ ಪ್ರಿನ್ಸಿಪಾಲರ ಹತ್ತಿರ ನಡೆಯಿರಿ ಎಂದರು. ಮೂವರೂ ಹೋದೆವು. ಪ್ರಿನ್ಸಿಪಾಲರಿಗೆ ಎರಡು ನಿಮಿಷದಲ್ಲಿ ವಿವರಿಸಿದೆ. ಅವರು ಕೆಮಿಸ್ಟ್ರಿಯವರು, ವಿಷಯ ತಕ್ಷಣ ಅರ್ಥವಾಯಿತು. ಅದೇ ತೊಂದರೆಯಾಯಿತು.

"ಇವಳೊಬ್ಬಳು ಸರಿ, ಮೂವತ್ತಾರು ಜನ ತಪ್ಪು ಅಂತ ಬರೆದುಕೊಡ್ತೀರಾ?" ಎಂದರು. "ಬರೆದುಕೊಟ್ರೆ ಅಷ್ಟೂ ರೆಕಾರ್ಡ್ ವಾಪಸ್ ತರಿಸಬೇಕು, ಅಷ್ಟೂ ಹಾಲ್ ಟಿಕೆಟ್ ತಡೆ ಹಿಡೀಬೇಕು. ಮತ್ತೆ ಆ ಮೂವತ್ತಾರಕ್ಕೆ ಸಹಿ ಹಾಕಿದವರು ಯಾರು ಅಂತಾನೂ ಬರೀಬೇಕಾಗತ್ತೆ. ಯೋಚನೆ ಮಾಡಿ ಹೇಳ್ರೀ."

ಗಡಿಯಾರದಲ್ಲಿ ನಾಲ್ಕೂ ಹತ್ತು. ಆಫೀಸು ಮುಚ್ಚುವುದು ಐದಕ್ಕೆ. ಉಳಿದವರೆಲ್ಲ ಹಾಲ್ ಟಿಕೆಟ್ ತೆಗೆದುಕೊಂಡು ಊರಿಗೆ ಹೋಗಿಯಾಗಿತ್ತು. ಬರೆದುಕೊಟ್ಟರೆ ಸತ್ಯ ದಾಖಲಾಗುತ್ತದೆ, ಅವಳ ಟಿಕೆಟ್ಟೂ ಅದರ ಜೊತೆ ನಿಲ್ಲುತ್ತದೆ. ನಾನು ಯೋಚಿಸುತ್ತಾ ನಿಂತೆ. ಎಷ್ಟು ಹೊತ್ತು ಎಂದು ಡೈರಿಯಲ್ಲಿ ಇಲ್ಲ.

ಅವಳೇ ಮುಂದೆ ಬಂದು ಸೂಪರಿಂಟೆಂಡೆಂಟರ ಕೈಯಿಂದ ಪುಸ್ತಕ ತೆಗೆದುಕೊಂಡಳು.

"ಅಳಿಸಿ ಬರೀತೀನಿ ಸರ್. ಐದರ ಬಸ್ಸು ತಪ್ಪಿದ್ರೆ ಸೊರಬದಲ್ಲಿ ನಮ್ಮೂರಿನ ಬಸ್ಸು ಸಿಗೂದಿಲ್ಲ."

ಪ್ರಿನ್ಸಿಪಾಲರ ಮೇಜಿನ ಮೂಲೆಯಲ್ಲೇ ರಬ್ಬರಿನಿಂದ ಅಳಿಸಿದಳು. ಪುಡಿಯನ್ನು ಅಂಗೈಯಿಂದ ಒರೆಸಿ ತೆಗೆದಳು. ಬಲಗಡೆ ಇನ್ನೊಬ್ಬಳ ಪುಸ್ತಕ ಇಟ್ಟುಕೊಂಡು, ಏರುವ ಕಡೆ ಗೆರೆಯ ಕೆಳಗೆ, ಇಳಿಯುವ ಕಡೆ ಗೆರೆಯ ಮೇಲೆ, ನಿಧಾನವಾಗಿ ತಪ್ಪು ಗ್ರಾಫ್ ಬರೆದಳು. ಅಳಿಸುವಾಗ ನನ್ನ ಸಹಿಯ ತುದಿಯೂ ಸ್ವಲ್ಪ ಮಾಸಿತ್ತು. ಅದರ ಮೇಲೆ ಇನ್ನೊಮ್ಮೆ ಹಾಕಿ ಎಂದು ಸೂಪರಿಂಟೆಂಡೆಂಟರು ಪೆನ್ನು ಕೊಟ್ಟರು. ಹಾಕಿದೆ. ಹಾಲ್ ಟಿಕೆಟ್ ಸಿಕ್ಕಿತು. ಬಸ್ಸೂ ಸಿಕ್ಕಿರಬೇಕು.

ಫಲಿತಾಂಶ ಬಂದ ವಾರ ಯಾವುದೋ ಕೆಲಸಕ್ಕೆ ಸೊರಬಕ್ಕೆ ಹೋಗಿದ್ದಾಗ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಪಾಸಾಗಿದ್ದಳು. ಅಣ್ಣ ಬಸ್ ಪಾಸಿನ ಅರ್ಜಿ ತುಂಬಿಕೊಟ್ಟಿದ್ದಾನೆ ಎಂದಳು. ಪರೀಕ್ಷೆಯಲ್ಲಿ ಏನೇನು ಬರೆದೆ ಎಂದು ಕೇಳಿದೆ. ಗೈಡಿನಲ್ಲಿದ್ದ ಆರು ಪ್ರಮೇಯ ಬಾಯಿಪಾಠ ಮಾಡಿದ್ದಳಂತೆ, ನಾಲ್ಕು ಬಂದಿದ್ದವು. ಇಳಿಜಾರಿನ ಲೆಕ್ಕವೂ ಒಂದಿತ್ತು. ಅಂಕ ಕಡಿಮೆ ಎಂದು ಬಿಟ್ಟಿದ್ದಳು. ಹಿಂದಿನ ಎರಡು ಸಲ ಅರ್ಥ ಮಾಡಿಕೊಂಡು ಬರೆಯಲು ಹೋಗಿ ಹೊತ್ತು ಸಾಲದೆ ಕೆಟ್ಟಿದ್ದೆ ಸರ್, ಈ ಸಲ ಆ ತಪ್ಪು ಮಾಡಲಿಲ್ಲ ಎಂದಳು. ಸಂತೋಷವಾಗಿದ್ದಳು. ಸಂತೋಷ ಪಡಲು ಅವಳಿಗೆ ಕಾರಣವೂ ಇತ್ತು. ನಾನೂ ಒಳ್ಳೆಯದಾಯಿತಮ್ಮ ಎಂದೆ.

ಮರುವಾರ ಸ್ಟಾಫ್ ಮೀಟಿಂಗ್. ರೆಕಾರ್ಡ್ ತೆಗೆದುಹಾಕಿ, ವಿದ್ಯಾರ್ಥಿಗಳು ಕಂಪ್ಯೂಟರಿನ ಮುಂದೆ ಬರಿಗೈಯಲ್ಲಿ ಕೂರಲಿ ಎಂದು ಕೇಳಲು ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಪ್ರಿನ್ಸಿಪಾಲರೇ ಮೊದಲು ಮಾತು ತೆಗೆದರು. ಗಣಿತದ ಪ್ರಾಕ್ಟಿಕಲ್ ಯಶಸ್ವಿಯಾಗಿದೆ, ಎರಡು ಸಲ ಫೇಲಾದ ಹುಡುಗಿಯೇ ರೆಕಾರ್ಡ್ ಪೂರ್ತಿ ಮಾಡಿದ ಮೇಲೆ ಪಾಸಾಗಿದ್ದಾಳೆ, ಇದನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ವರದಿಯಲ್ಲಿ ಸೇರಿಸಬೇಕು ಎಂದರು. ಮುಂದಿನ ವರ್ಷ ಹನ್ನೆರಡರ ಬದಲು ಹದಿನೈದು ಪ್ರಯೋಗ ಇರಲಿ ಎಂದರು.

ಎದ್ದು ನಿಂತು, ಅವಳು ಕಂಪ್ಯೂಟರಿನಲ್ಲಿ ಮಾಡಿದ್ದು ಮೂರೇ ಪ್ರಯೋಗ, ಉಳಿದದ್ದು ನೋಡಿ ಬರೆದದ್ದು, ಪಾಸಾದದ್ದು ಗೈಡಿನಿಂದ ಎಂದು ಹೇಳಿದೆ. ಒಬ್ಬರು ಕೆಮ್ಮಿದರು.

"ಆದ್ರೂ ಪಾಸಾದಳಲ್ರೀ?" ಎಂದರು ಪ್ರಿನ್ಸಿಪಾಲರು.

ಆಗಿದ್ದಳು. ಟಿಪ್ಪಣಿಯನ್ನು ಜೇಬಿಗೆ ಹಾಕಿಕೊಂಡು ಕೂತೆ. ಅದೇ ಸಂಜೆ ಇನ್ನೂ ಮೂರು ಪ್ರಯೋಗಗಳ ಹೆಸರು ಸೇರಿಸಿ, ಹದಿನೈದರ ಪಟ್ಟಿಯನ್ನು ಆಫೀಸಿಗೆ ಕೊಟ್ಟೆ.